ಮೂರಕ್ಕೆ ಇರುವ ಮರ್ಯಾದೆ ಇಪ್ಪತ್ತನಾಲ್ಕಕ್ಕೆ ಯಾಕಿಲ್ಲ?

(ಪೀಣ್ಯದ ಹತ್ತಿರ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಪದ್ಯ ಬರೆಯೋನು ಬಜೆಟ್ ಬಗ್ಗೆ ಏನು ಮಾತಾಡ್ತಾನೆ ಅಂತ ನಿಮ್ಮಲ್ಲಿ ಕೆಲವರು ಒಳಗೊಳಗೇ ನಗುತ್ತಿರಬಹುದು. ನಾನು ಬಿ.ಎ. ಓದಿದವನು, ಕಾಮರ್ಸ್ ಓದಿದವನಲ್ಲ. ಆದರೂ ಇವತ್ತು ಪದ್ಯ ಓದೋದಿಲ್ಲ. ಲೆಕ್ಕ ಅನ್ನೋದು ಮೇಲ್ಜಾತಿಯವರ ವಿದ್ಯೆ, ನಮಗೆ ಹಾಡು ಸಾಕು, ತಮಟೆ ಸಾಕು ಅಂತ ನಾವು ಬಿಟ್ಟುಕೊಟ್ಟದ್ದರಿಂದಲೇ ಬಹಳ ಕೆಟ್ಟಿದ್ದೇವೆ. ನಮ್ಮ ತಾತಂದಿರಿಗೆ ಶಾನುಭೋಗರ ಪುಸ್ತಕ ಓದಲು ಬರಲಿಲ್ಲ. ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದರು, ಭೂಮಿ ಹೋಯಿತು. ಈಗ ಆ ಪುಸ್ತಕ ವಿಧಾನಸೌಧದಲ್ಲಿದೆ. ನಮಗೆ ಓದು ಬಂದಿದೆ. ಆದರೆ ಪುಸ್ತಕ ತೆರೆಯುತ್ತಿಲ್ಲ.

ಬಾಬಾಸಾಹೇಬರ ಫೋಟೋಕ್ಕೆ ಏಪ್ರಿಲ್ 14ಕ್ಕೆ ಹಾರ ಹಾಕ್ತೇವೆ. ಅವರು 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಪುಸ್ತಕ ತಂದರು. 1925ರಲ್ಲಿ ಬಂದ ಇನ್ನೊಂದು ಪುಸ್ತಕ ಬ್ರಿಟಿಷರ ಕಾಲದ ಪ್ರಾಂತಗಳ ಹಣಕಾಸಿನ ಮೇಲಿನದು. ಕೊಲಂಬಿಯಾ ವಿಶ್ವವಿದ್ಯಾಲಯದ ಡಾಕ್ಟರೇಟಿಗಾಗಿ ಬರೆದದ್ದು. ಅಂದರೆ ಕೇಂದ್ರದ ಕೈಯಲ್ಲಿ ಥೈಲಿ, ಪ್ರಾಂತದ ಕೈಯಲ್ಲಿ ಖರ್ಚು ಇದ್ದಾಗ ಏನಾಗುತ್ತದೆ ಅನ್ನೋದನ್ನ ಒಬ್ಬ ಮಹಾರ್ ಹುಡುಗ ನೂರು ವರ್ಷದ ಹಿಂದೆಯೇ ಕೂತು ಲೆಕ್ಕ ಹಾಕಿದ. ಆ ಹುಡುಗನ ಮೊಮ್ಮಕ್ಕಳು ನಾವು ರಾಜ್ಯದ ಬಜೆಟ್ ಬಂದ ದಿನ ಪೇಪರಿನಲ್ಲಿ ಸಿನಿಮಾ ಪುಟ ತಿರುವಿಹಾಕ್ತೇವೆ. ಇದು ತಪ್ಪಬೇಕು.

ಮೊದಲು ಹಣ ಎಲ್ಲಿಂದ ಬರುತ್ತದೆ ನೋಡೋಣ. 2025-26ರ ಕರ್ನಾಟಕದ ಬಜೆಟ್ 4 ಲಕ್ಷ 9 ಸಾವಿರ ಕೋಟಿ ರೂಪಾಯಿಯದು. ಇದರಲ್ಲಿ ವಾಣಿಜ್ಯ ತೆರಿಗೆಯಿಂದ 1 ಲಕ್ಷ 20 ಸಾವಿರ ಕೋಟಿ ಬರಬೇಕು ಅಂತ ಗುರಿ. ಅಬಕಾರಿ, ಅಂದರೆ ಹೆಂಡ ಸಾರಾಯಿ ಬ್ರಾಂದಿಯ ಬಾಬ್ತು, 40 ಸಾವಿರ ಕೋಟಿ ಗುರಿ. ಇನ್ನು ಮನೆ ಸೈಟಿನ ನೋಂದಣಿ, ಗಾಡಿ ತೆರಿಗೆ, ಕೇಂದ್ರದಿಂದ ಬರೋ ಪಾಲು. ಇಷ್ಟೂ ಸಾಲದೆ ಉಳಿದದ್ದಕ್ಕೆ ಸಾಲ: 1 ಲಕ್ಷ 16 ಸಾವಿರ ಕೋಟಿ.

ಈ ತೆರಿಗೆ ಕಟ್ಟೋರು ಯಾರು? ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡದಲ್ಲಿ ಕೂತವರು ಮಾತ್ರ ತೆರಿಗೆ ಕಟ್ಟೋದು, ನಾವು ತಿನ್ನೋರು ಅಂತ ಒಂದು ಮಾತು ಊರೆಲ್ಲ ಹಬ್ಬಿದೆ. ಅದು ಸುಳ್ಳು. ಪೀಣ್ಯದ ಶೆಡ್ಡಿನಲ್ಲಿ ಲೇತ್ ಮಿಷಿನ್ ತಿರುಗಿಸೋನು ಸೋಪು ಕೊಂಡರೆ ತೆರಿಗೆ, ಚಪ್ಪಲಿ ಕೊಂಡರೆ ತೆರಿಗೆ, ಗಾಡಿಗೆ ಪೆಟ್ರೋಲ್ ಹಾಕಿಸಿದರೆ ತೆರಿಗೆ. ಸಂಜೆ ಮೈಕೈ ನೋವಿಗೆ ಒಂದು ಕ್ವಾರ್ಟರ್ ತೆಗೆದುಕೊಂಡರೆ ಅದರಲ್ಲಿ ಹೆಂಡದ ಬೆಲೆಗಿಂತ ಸರ್ಕಾರದ ಬೆಲೆಯೇ ಹೆಚ್ಚು. 2025-26ರಲ್ಲಿ ಗೃಹಲಕ್ಷ್ಮಿಗೆ ಇಟ್ಟದ್ದು 28 ಸಾವಿರ ಕೋಟಿ ಚಿಲ್ಲರೆ. ಅಬಕಾರಿಯಿಂದ ಕೇಳಿದ್ದು 40 ಸಾವಿರ ಕೋಟಿ. ಹೆಂಡತಿಯ ಖಾತೆಗೆ ಹಾಕಿದ್ದಕ್ಕಿಂತ ಗಂಡನ ಜೇಬಿನಿಂದ ಎತ್ತಿದ್ದು ಹೆಚ್ಚು. ಯಾರು ಯಾರನ್ನ ಸಾಕ್ತಿದ್ದಾರೆ ನೀವೇ ಹೇಳಿ.

ಇದೇ ಬೆಂಗಳೂರು ಹೊರವಲಯದ ಇನ್ನೊಂದು ಸಂಗತಿ. ಎಲೆಕ್ಟ್ರಾನಿಕ್ ಸಿಟಿ 1978ರಲ್ಲಿ ಶುರುವಾದದ್ದು ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯಿಂದ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ. ಪೀಣ್ಯದ ಕೈಗಾರಿಕಾ ಪ್ರದೇಶವೂ ಸರ್ಕಾರ ಕಟ್ಟಿಕೊಟ್ಟದ್ದೇ. ಉಳ್ಳವರಿಗೆ ಜಮೀನು, ರಸ್ತೆ, ಕರೆಂಟು ಕೊಟ್ಟಾಗ ಅದರ ಹೆಸರು ಪ್ರೋತ್ಸಾಹ. ಬಡವರಿಗೆ ಅಕ್ಕಿ ಕೊಟ್ಟರೆ ಅದರ ಹೆಸರು ಬಿಟ್ಟಿ. ಮಾತಿನಲ್ಲೇ ಜಾತಿ ಇದೆ, ಗಮನಿಸಿ. ವೈಟ್‌ಫೀಲ್ಡ್ ಇರೋ ಮಹದೇವಪುರ ಮತ್ತು ಆ ಕಡೆಯ ಆನೇಕಲ್, ಈ ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲು. ದೇಶದ ದೊಡ್ಡ ದೊಡ್ಡ ಕಂಪನಿಗಳ ಬಾಗಿಲಿನಲ್ಲಿ ನಮ್ಮ ಹೆಸರಿನ ಎರಡು ಸೀಟುಗಳಿವೆ. ಸೀಟು ನಮ್ಮದು. ಬಜೆಟ್ ಯಾರದು?

ಬಜೆಟ್ಟನ್ನ ಎರಡು ಹಗ್ಗ ಎಳೀತಾವೆ. ಒಂದು ಚುನಾವಣೆ. ಇನ್ನೊಂದು ಸಾಲದ ಕಾಯಿದೆ. ಮೊದಲನೆಯದು ಎಲ್ಲರಿಗೂ ಕಾಣುತ್ತದೆ, ಎರಡನೆಯದು ಕಾಣೋದಿಲ್ಲ. ಕಾಣದ್ದನ್ನೇ ಮೊದಲು ಹೇಳ್ತೇನೆ.

2001ರಲ್ಲಿ ನಮ್ಮ ರಾಜ್ಯ ವಿಶ್ವಬ್ಯಾಂಕಿನಿಂದ ಆರ್ಥಿಕ ಪುನಾರಚನೆ ಅನ್ನೋ ಹೆಸರಿನಲ್ಲಿ ಸಾಲ ತಂದಿತು. ಮಾರನೇ ವರ್ಷವೇ, 2002ರಲ್ಲಿ, ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ, ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯಿದೆ ಬಂತು. ಇಡೀ ದೇಶದಲ್ಲಿ ಇಂಥ ಕಾಯಿದೆ ಮಾಡಿದ ಮೊದಲ ರಾಜ್ಯ ನಮ್ಮದು. ಕೇಂದ್ರದ್ದು ಬಂದದ್ದು 2003ರಲ್ಲಿ. ಈ ಕಾಯಿದೆ ಹೇಳೋದು ಮೂರು ಮಾತು. ಒಂದು: ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ ಇಂಥ ದಿನದಿನದ ಖರ್ಚಿಗೆ ಸಾಲ ಮಾಡಬಾರದು, ಅದನ್ನ ಆ ವರ್ಷದ ಆದಾಯದಲ್ಲೇ ತೂಗಿಸಬೇಕು. ಎರಡು: ಒಂದು ವರ್ಷದಲ್ಲಿ ಆದಾಯ ಮೀರಿದ ಒಟ್ಟು ಖರ್ಚು, ಅಂದರೆ ಸಾಲ ಎತ್ತಿ ತುಂಬಬೇಕಾದ ಕೊರತೆ, ರಾಜ್ಯದ ಒಟ್ಟು ಉತ್ಪತ್ತಿಯ ನೂರಕ್ಕೆ 3 ದಾಟಬಾರದು. ಮೂರು: ಇದು ಆಮೇಲೆ ಸೇರಿದ್ದು, ಹಳೆಯದು ಹೊಸದು ಸೇರಿ ಒಟ್ಟು ಸಾಲದ ಹೊರೆ ಉತ್ಪತ್ತಿಯ ನೂರಕ್ಕೆ 25 ದಾಟಬಾರದು. ನೀರಾವರಿ ನಿಗಮಗಳಂಥವುಗಳ ಹೆಸರಲ್ಲಿ ಸಾಲ ಎತ್ತಿ ಸರ್ಕಾರವೇ ತೀರಿಸೋ ಪದ್ಧತಿ ಇತ್ತು. 2014ರ ತಿದ್ದುಪಡಿಯಲ್ಲಿ ಅದನ್ನೂ ಈ ಲೆಕ್ಕಕ್ಕೆ ಸೇರಿಸಿದರು.

ಸಾಲಕ್ಕೆ ಮಿತಿಯೇ ಬೇಡ ಅಂತ ನಾನು ಹೇಳ್ತಾ ಇಲ್ಲ. ಸಾಲ ಅಂದರೆ ಏನು ಅಂತ ಜೀತಕ್ಕಿದ್ದವರ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿದದ್ದು ನಮ್ಮ ಕೇರಿಗಳಲ್ಲೇ. ಸರ್ಕಾರ ಬೇಕಾಬಿಟ್ಟಿ ಸಾಲ ಮಾಡಿದರೆ ಬಡ್ಡಿಯೇ ಖಜಾನೆ ತಿನ್ನುತ್ತದೆ, ಆಮೇಲೆ ಹಾಸ್ಟೆಲ್ಲಿಗೂ ಇಲ್ಲ, ಆಸ್ಪತ್ರೆಗೂ ಇಲ್ಲ. ಮಿತಿ ಇರಲಿ. ನನ್ನ ಪ್ರಶ್ನೆ ಬೇರೆ. ಈ ಮಿತಿಯನ್ನ ಎಷ್ಟು ಭಯಭಕ್ತಿಯಿಂದ ಪಾಲಿಸ್ತಾರೆ ನೋಡಿ. 2025-26ರ ಬಜೆಟ್ಟಿನಲ್ಲಿ ಕೊರತೆ ನೂರಕ್ಕೆ 2.95. ಒಟ್ಟು ಸಾಲ 7 ಲಕ್ಷ 64 ಸಾವಿರ ಕೋಟಿ, ಅಂದರೆ ನೂರಕ್ಕೆ 24.91. ಗೆರೆ ಮುಟ್ಟಲಿಲ್ಲ, ಕೂದಲೆಳೆಯಷ್ಟು ಒಳಗೆ ನಿಂತರು. 2020ರಲ್ಲಿ ಕೋವಿಡ್ ಬಂದು ಊರೆಲ್ಲ ಮುಚ್ಚಿದಾಗ ಕೂಡ, ಆ ಒಂದು ವರ್ಷಕ್ಕೆ 3ನ್ನು 5 ಮಾಡೋದಕ್ಕೆ ಮಸೂದೆ ತಂದು ಕಾಯಿದೆಯನ್ನೇ ತಿದ್ದಬೇಕಾಯಿತು. ಮೊದಲನೇ ಮಾತನ್ನ, ದಿನದ ಖರ್ಚಿಗೆ ಸಾಲ ಬೇಡ ಅನ್ನೋದನ್ನ, ಈಚಿನ ಬಜೆಟ್ಟುಗಳಲ್ಲಿ ಪಾಲಿಸೋಕೆ ಆಗಿಲ್ಲ. 2025-26ರಲ್ಲಿ ಆ ಬಾಬ್ತಿನ ಕೊರತೆಯೇ 19 ಸಾವಿರ ಕೋಟಿ. ಆದರೆ 3 ಮತ್ತು 25ರ ಗೆರೆ ಮಾತ್ರ ಲಕ್ಷ್ಮಣರೇಖೆ. ಯಾಕೆಂದರೆ ಕಾವಲಿಗೆ ಕೇಂದ್ರ ಇದೆ. ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲ ಎತ್ತಬೇಕಾದರೆ ಸಂವಿಧಾನದ 293ನೇ ವಿಧಿಯಂತೆ ಕೇಂದ್ರದ ಒಪ್ಪಿಗೆ ಬೇಕು. ಕಾವಲಿಗೆ ರಿಜರ್ವ್ ಬ್ಯಾಂಕಿದೆ, ಸಾಲ ಕೊಟ್ಟವರಿದ್ದಾರೆ, ಮಹಾಲೇಖಪಾಲರಿದ್ದಾರೆ.

ಇನ್ನು ಎರಡನೇ ಹಗ್ಗ, ಚುನಾವಣೆ. 2018ರಲ್ಲಿ ಐದು ತಿಂಗಳಲ್ಲಿ ಎರಡು ಬಜೆಟ್ ಬಂದವು. ಫೆಬ್ರವರಿಯಲ್ಲಿ ಸಿದ್ದರಾಮಯ್ಯನವರದು, ಮೇ ಚುನಾವಣೆ ಆದಮೇಲೆ ಜುಲೈಯಲ್ಲಿ ಕುಮಾರಸ್ವಾಮಿಯವರದು. ಚುನಾವಣೆಯಲ್ಲಿ ಮಾತು ಕೊಟ್ಟಿದ್ದ ರೈತರ ಸಾಲಮನ್ನಾಕ್ಕೆ 34 ಸಾವಿರ ಕೋಟಿ ಅಂತ ಆ ಜುಲೈಯಲ್ಲಿ ಘೋಷಣೆ ಆಯಿತು. ಆ ಸಾಲಮನ್ನಾ ಬ್ಯಾಂಕಿನಲ್ಲಿ ಸಾಲ ಹುಟ್ಟುವವರಿಗೆ. ಪಹಣಿ ಇಲ್ಲದ ಕೂಲಿಗೆ ಬ್ಯಾಂಕಿನ ಸಾಲವೂ ಇಲ್ಲ, ಮನ್ನಾನೂ ಇಲ್ಲ. 2023ರಲ್ಲೂ ಇದೇ ಕಥೆ. ಫೆಬ್ರವರಿ 17ಕ್ಕೆ ಬೊಮ್ಮಾಯಿಯವರು 402 ಕೋಟಿ ಉಳಿತಾಯ ತೋರಿಸೋ ಬಜೆಟ್ ಕೊಟ್ಟರು. ಭೂಮಿ ಇಲ್ಲದ ಕೂಲಿ ಹೆಂಗಸರಿಗೆ ತಿಂಗಳಿಗೆ 500 ರೂಪಾಯಿ ಅಂದರು. ಮಾರ್ಚ್ 1ಕ್ಕೆ ಸರ್ಕಾರಿ ನೌಕರರು ಮುಷ್ಕರ ಹೂಡಿದರು. ಅದೇ ದಿನ ಮೂಲವೇತನದ ಮೇಲೆ ನೂರಕ್ಕೆ 17ರ ಮಧ್ಯಂತರ ಪರಿಹಾರ ಸಿಕ್ಕಿತು. ಮುಂದೆ ಎರಡೇ ತಿಂಗಳಿಗೆ ಚುನಾವಣೆ ಇತ್ತಲ್ಲ! ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಜುಲೈ 7ಕ್ಕೆ ಸಿದ್ದರಾಮಯ್ಯನವರ ಬಜೆಟ್, ಐದು ಗ್ಯಾರಂಟಿ. ಫೆಬ್ರವರಿಯ ಉಳಿತಾಯ ಜುಲೈಯಲ್ಲಿ 12 ಸಾವಿರ ಕೋಟಿಗೂ ಮೀರಿದ ಕೊರತೆ ಆಯಿತು. ಹೆಂಡದ ಸುಂಕ ಏರಿತು.

ಇನ್ನೂ ಒಂದು ತಾರೀಖು ಬರೆದುಕೊಳ್ಳಿ. 2024ರ ಲೋಕಸಭಾ ಚುನಾವಣೆಯ ಫಲಿತಾಂಶ ಜೂನ್ 4ಕ್ಕೆ. ಪೆಟ್ರೋಲಿಗೆ 3 ರೂಪಾಯಿ, ಡೀಸೆಲ್ಲಿಗೂ 3 ರೂಪಾಯಿಯಷ್ಟು ಏರುವಂತೆ ರಾಜ್ಯದ ಮಾರಾಟ ತೆರಿಗೆ ಹೆಚ್ಚಿಸಿದ್ದು ಜೂನ್ 15ಕ್ಕೆ. ಓಟಿನ ಶಾಯಿ ಬೆರಳಿನಿಂದ ಆರುವ ತನಕ ಕಾದರು, ಅಷ್ಟೆ. ಕೊಡುವ ಕೈ ಚುನಾವಣೆಗೆ ಮುಂಚೆ, ತೆಗೆಯುವ ಕೈ ಚುನಾವಣೆ ಆದಮೇಲೆ. ಯಾವ ಪಕ್ಷವಾದರೂ ಇದೇ ಕ್ಯಾಲೆಂಡರು.

ಈಗ ಎರಡು ಹಗ್ಗವೂ ಒಟ್ಟಿಗೆ ಎಳೆದರೆ ಏನಾಗುತ್ತೆ? ಚುನಾವಣೆ ಹೇಳುತ್ತೆ, ಗ್ಯಾರಂಟಿಗೆ 2024-25ರಲ್ಲಿ 52 ಸಾವಿರ ಕೋಟಿ ತಾ ಅಂತ. ಕಾಯಿದೆ ಹೇಳುತ್ತೆ, 3 ದಾಟಬೇಡ ಅಂತ. ಬಡ್ಡಿ ಕಡಿಯೋ ಹಾಗಿಲ್ಲ. ಸಂಬಳ ಪಿಂಚಣಿ ಕಡಿಯೋ ಹಾಗಿಲ್ಲ. ಏಳನೇ ವೇತನ ಆಯೋಗದ ಸಂಬಳ 2024ರ ಆಗಸ್ಟಿನಿಂದ ಬಂತು. ಗ್ಯಾರಂಟಿ ಕಡಿದರೆ ಓಟು ಹೋಗುತ್ತೆ. ತೆರಿಗೆ ಎಷ್ಟು ಅಂತ ಏರಿಸ್ತೀರಿ? ಕೇಂದ್ರದ ಪಾಲು ನೋಡಿದರೆ, 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಕೊಟ್ಟಿದ್ದ ನೂರಕ್ಕೆ 4.713ರ ಪಾಲನ್ನು 15ನೇ ಆಯೋಗ 3.647ಕ್ಕೆ ಇಳಿಸಿತು. ಅದರ ಮೇಲೆ 2024ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ, ಮಂತ್ರಿಗಳೇ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತು ಧರಣಿ ಮಾಡಿದರು. ನಮ್ಮ ಪಾಲು ನಮಗೆ ಕೊಡಿ, ನಮ್ಮ ಹಣವನ್ನ ಬೇರೆ ಕಡೆ ತಿರುಗಿಸಬೇಡಿ ಅಂತ. ಸರಿಯಾದ ಮಾತು. ಆ ಮಾತನ್ನ ಹಾಗೇ ನೆನಪಿನಲ್ಲಿಟ್ಟುಕೊಳ್ಳಿ, ಇನ್ನು ಸ್ವಲ್ಪ ಹೊತ್ತಿಗೆ ಬೇಕಾಗುತ್ತದೆ.

ಹೀಗೆ ಎಲ್ಲ ಕಡೆ ಗೋಡೆ ಇದ್ದಾಗ ಕತ್ತರಿ ಎಲ್ಲಿಗೆ ಬರುತ್ತೆ? ಕಾವಲು ಇಲ್ಲದ ಕಡೆಗೆ. ಊರಲ್ಲಿ ಬರ ಬಂದಾಗ ಮೊದಲು ಯಾರ ಬಾವಿ ಬತ್ತುತ್ತಿತ್ತು, ನೆನಪು ಮಾಡಿಕೊಳ್ಳಿ.

ನಮ್ಮ ಬಾವಿಯ ಹೆಸರು ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆ. ಇದು ಯಾರೋ ದಯಮಾಡಿ ಕೊಟ್ಟದ್ದಲ್ಲ. ಗಿರಿಜನ ಉಪಯೋಜನೆ ಐದನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, 1970ರ ದಶಕದಲ್ಲಿ ಬಂತು. ದಲಿತರ ವಿಶೇಷ ಘಟಕ ಯೋಜನೆ ಆ ದಶಕದ ಕೊನೆಗೆ ಬಂತು. ಮೂವತ್ತು ವರ್ಷಕ್ಕೂ ಮೇಲೆ ಅದು ಬರೀ ಸರ್ಕಾರದ ಆದೇಶದ ಮೇಲೆ ನಡೆಯಿತು. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಹೋರಾಟ ಮಾಡಿ ಮಾಡಿ ಆಂಧ್ರದಲ್ಲಿ ಮೊದಲು, ಆಮೇಲೆ ಕರ್ನಾಟಕದಲ್ಲಿ, 2013ರಲ್ಲಿ ಕಾಯಿದೆ ಆಯಿತು. 2011ರ ಜನಗಣತಿಯಲ್ಲಿ ಈ ರಾಜ್ಯದಲ್ಲಿ ಪರಿಶಿಷ್ಟ ಜಾತಿ ನೂರಕ್ಕೆ 17.15, ಪರಿಶಿಷ್ಟ ಪಂಗಡ 6.95. ಕೂಡಿದರೆ 24.1. ಅಭಿವೃದ್ಧಿಗೆ ಹಂಚುವ ಹಣದಲ್ಲಿ ಇಷ್ಟು ಪಾಲು ಇಡಲೇಬೇಕು ಅಂತ ಕಾಯಿದೆ. ಗಮನಿಸಿ, ಪೂರಾ ಬಜೆಟ್ಟಿನಲ್ಲಿ 24.1 ಅಲ್ಲ. ಸಂಬಳ, ಪಿಂಚಣಿ, ಬಡ್ಡಿ ಎಲ್ಲ ಕಳೆದು ಹಂಚೋದಕ್ಕೆ ಉಳಿಯುವುದರಲ್ಲಿ. 2025-26ರಲ್ಲಿ ನಮ್ಮ ಹೆಸರಿಗೆ ಬರೆದದ್ದು 42 ಸಾವಿರದ 18 ಕೋಟಿ. ಪೂರಾ ಬಜೆಟ್ಟಿಗೆ ಹಿಡಿದರೆ ನೂರಕ್ಕೆ 10 ರೂಪಾಯಿ ಚಿಲ್ಲರೆ. ನಾಲ್ವರಲ್ಲಿ ಒಬ್ಬರು ನಾವು, ಹತ್ತರಲ್ಲಿ ಒಂದು ರೂಪಾಯಿ ನಮ್ಮದು.

ಆ ಒಂದು ರೂಪಾಯಿಯೂ ಪೂರ್ತಿ ಬರೋದಿಲ್ಲ. ಕಾಯಿದೆಯ 7ನೇ ಸೆಕ್ಷನ್ನಿನಲ್ಲಿ ಸಂದಿಗಳಿವೆ. 7(ಡಿ) ಅಂತ ಒಂದಿತ್ತು. ರಸ್ತೆ, ಅಣೆಕಟ್ಟಿನಂಥ ಬಿಡಿಸಿ ಹಂಚಲಾಗದ ಕಾಮಗಾರಿಯಲ್ಲಿ ಒಂದು ಭಾಗ ದಲಿತರಿಗೆ ಖರ್ಚಾಯಿತು ಅಂತ ಭಾವಿಸಿಕೊಳ್ಳಬಹುದು ಅಂತ. ಭಾವಿಸಿಕೊಳ್ಳೋದು! ರಸ್ತೆ ಮೇಲೆ ನಾವೂ ನಡೀತೀವಿ ಅಂತ ನಮ್ಮ ಪಾಲಿನಿಂದ ಹಣ ಮುರಿದುಕೊಂಡರು. ಎಲ್ಲ ಪಕ್ಷದ ಸರ್ಕಾರಗಳೂ ಮುರಿದುಕೊಂಡವು. ದಲಿತ ಸಂಘಟನೆಗಳು ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಅದನ್ನ ತೆಗೆದರು. ತೆಗೆದದ್ದಕ್ಕೆ ಸಂತೋಷ. ಆದರೆ 7(ಸಿ) ಉಳಿಯಿತು. ಎಲ್ಲರಿಗೂ ಇರುವ ಯೋಜನೆಯಲ್ಲಿ ದಲಿತ ಫಲಾನುಭವಿಗಳು ಎಷ್ಟಿದ್ದಾರೋ ಅಷ್ಟು ಖರ್ಚನ್ನ ದಲಿತರ ಪಾಲಿನಿಂದ ಹಾಕಬಹುದು ಅನ್ನೋದು ಅದರ ಅರ್ಥ. ಆ ಬಾಗಿಲಿನಿಂದಲೇ ಗ್ಯಾರಂಟಿ ಒಳಗೆ ಬಂತು.

ಅಂಕಿ ಹೇಳ್ತೇನೆ, ನೋಟ್ ಪುಸ್ತಕ ಇದ್ದರೆ ಬರೆದುಕೊಳ್ಳಿ. 2022-23ರಲ್ಲಿ, ಗ್ಯಾರಂಟಿ ಇಲ್ಲದ ವರ್ಷ, ನಮ್ಮ ಉಪಯೋಜನೆಗೆ ಇಟ್ಟದ್ದು 28 ಸಾವಿರ ಕೋಟಿ ಚಿಲ್ಲರೆ. 2023-24ರಲ್ಲಿ 34 ಸಾವಿರ ಕೋಟಿ ಚಿಲ್ಲರೆ, ಅದರಲ್ಲಿ ಗ್ಯಾರಂಟಿಗೆ 11 ಸಾವಿರ ಕೋಟಿಗೂ ಹೆಚ್ಚು. 2024-25ರಲ್ಲಿ 39 ಸಾವಿರ ಕೋಟಿ ಚಿಲ್ಲರೆ, ಗ್ಯಾರಂಟಿಗೆ 14 ಸಾವಿರ ಕೋಟಿಗೂ ಹೆಚ್ಚು. 2025-26ರಲ್ಲಿ 42 ಸಾವಿರ ಕೋಟಿ, ಗ್ಯಾರಂಟಿಗೆ 13 ಸಾವಿರ ಕೋಟಿಗೂ ಹೆಚ್ಚು. ಈಗ ಕಳೆಯಿರಿ. ಉಳಿದದ್ದು ಮೊದಲ ವರ್ಷ 23 ಸಾವಿರ ಕೋಟಿ, ಎರಡನೇ ವರ್ಷ 25 ಸಾವಿರಕ್ಕೆ ಸ್ವಲ್ಪ ಕಡಿಮೆ, ಮೂರನೇ ವರ್ಷ 28 ಸಾವಿರ ಚಿಲ್ಲರೆ. ಅಂದರೆ ಮೂರು ಬಜೆಟ್ ಓಡಿ, ಎಲ್ಲ ಸಾಮಾನಿನ ಬೆಲೆ ಏರಿದಮೇಲೆ, ಹೊರಟ ಜಾಗಕ್ಕೇ ಬಂದು ನಿಂತೆವು. ಭಾಷಣದಲ್ಲಿ ಮಾತ್ರ 28 ಸಾವಿರ 42 ಸಾವಿರ ಆಯಿತು. ಹಾಸ್ಟೆಲ್ ಕಟ್ಟಡ, ಗಂಗಾಕಲ್ಯಾಣದ ಬೋರ್‌ವೆಲ್, ಕೂಲಿಗೆ ಭೂಮಿ ಕೊಡಿಸೋ ಯೋಜನೆ, ನಿಗಮಗಳ ಸಾಲ, ನಿಮ್ಮ ಸ್ಕಾಲರ್‌ಶಿಪ್ಪು, ಎಲ್ಲಕ್ಕೂ ಆ ಉಳಿದದ್ದೇ ಬಾವಿ.

ಸರ್ಕಾರದ ಉತ್ತರವನ್ನೂ ನ್ಯಾಯವಾಗಿ ಕೇಳೋಣ. ಅವರು ಹೇಳೋದು: ಹಣ ಬೇರೆಯವರಿಗೆ ಹೋಗಿಲ್ಲ, ದಲಿತ ಹೆಂಗಸಿನ ಖಾತೆಗೇ 2000 ರೂಪಾಯಿ ಹೋಗಿದೆ, ದಲಿತರ ಹಣ ದಲಿತರಿಗೇ ಸೇರಿದೆ, ಕಾಯಿದೆ ಒಪ್ಪುತ್ತದೆ. ಕೇಳೋದಕ್ಕೆ ಸರಿಯಾಗಿದೆ. ಆದರೆ ಸ್ವಲ್ಪ ಯೋಚನೆ ಮಾಡಿ.

ಬೆಳಗ್ಗೆ ಜಾಲಹಳ್ಳಿ ಕ್ರಾಸಿನಲ್ಲಿ ಇಬ್ಬರು ಹೆಂಗಸರು ಗಾರ್ಮೆಂಟ್ಸಿಗೆ ಹೋಗೋ ಬಸ್ಸು ಹತ್ತುತ್ತಾರೆ ಅಂದುಕೊಳ್ಳಿ. ಒಬ್ಬಾಕೆ ನಮ್ಮ ಕೇರಿಯವಳು, ಇನ್ನೊಬ್ಬಾಕೆ ಊರಿನವಳು. ಇಬ್ಬರದೂ ಒಂದೇ ಮಿಷಿನ್ ಸಾಲು, ಒಂದೇ ಸಂಬಳ, ಒಂದೇ ಬೈಗುಳ. ಕಂಡಕ್ಟರು ಇಬ್ಬರಿಗೂ ಶಕ್ತಿಯ ಸೊನ್ನೆ ಟಿಕೆಟ್ ಹರಿದು ಕೊಡ್ತಾನೆ. ಜಾತಿ ಕೇಳೋದಿಲ್ಲ, ಟಿಕೆಟ್ಟಿನ ಮೇಲೆ ಜಾತಿ ಇಲ್ಲ. ಆದರೆ ಸಂಜೆ ಲೆಕ್ಕ ವಿಧಾನಸೌಧಕ್ಕೆ ಹೋದಾಗ ಜಾತಿ ಎಲ್ಲಿಂದಲೋ ಬಂದು ಕೂರುತ್ತದೆ. ಊರಿನಾಕೆಯ ಟಿಕೆಟ್ಟಿನ ಹಣ ಎಲ್ಲರ ಖಜಾನೆಯಿಂದ. ಕೇರಿಯವಳ ಟಿಕೆಟ್ಟಿನ ಹಣ ಅವಳ ಜಾತಿಯ ಪಾಲಿನಿಂದ. ಊರಿನಾಕೆ ನಾಗರಿಕಳಾಗಿ ಬಸ್ಸು ಹತ್ತಿದಳು. ಕೇರಿಯವಳು ತನ್ನ ಮಗನ ಹಾಸ್ಟೆಲ್ಲಿನ ಹಣದಲ್ಲಿ ಬಸ್ಸು ಹತ್ತಿದಳು. ಅದೂ ಅವಳಿಗೆ ಗೊತ್ತಿಲ್ಲದ ಹಾಗೆ.

ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಡ್ತಿದ್ದರು. ಅದೇ ಕಾಫಿ, ಅದೇ ಕಾಸು, ಲೋಟ ಮಾತ್ರ ಬೇರೆ. ಅದರ ವಿರುದ್ಧ ನಮ್ಮ ಹಿರಿಯರು ಹೊಡೆತ ತಿಂದು ಹೋರಾಡಿದರು. ಇವತ್ತು ಅದೇ ಬೇರೆ ಲೋಟ ಲೆಕ್ಕದ ಪುಸ್ತಕಕ್ಕೆ ಬಂದಿದೆ. ಬಸ್ಸಿನಲ್ಲಿ ಒಟ್ಟಿಗೆ ಕೂರಬಹುದು, ಬಜೆಟ್ಟಿನಲ್ಲಿ ಬೇರೆ ಕೂರಬೇಕು. ಉಪಯೋಜನೆ ಹುಟ್ಟಿದ್ದೇ ಎಲ್ಲರಿಗೂ ಸಿಗುವ ಸಾಮಾನ್ಯ ಸೌಲಭ್ಯದ ಮೇಲೆ ಇನ್ನಷ್ಟು ಕೊಟ್ಟು, ಸಾವಿರಾರು ವರ್ಷದ ಅಂತರವನ್ನ ತುಂಬೋದಕ್ಕೆ. ಎಲ್ಲರಿಗೂ ಸಿಗುವುದನ್ನೇ ಅದರಿಂದ ಕೊಟ್ಟರೆ ಅಂತರ ಹೇಗೆ ತುಂಬುತ್ತದೆ? ಎಲ್ಲರೂ ಒಂದು ಮೆಟ್ಟಿಲು ಹತ್ತಿದರು, ನಾವೂ ಒಂದು ಮೆಟ್ಟಿಲು ಹತ್ತಿದೆವು, ನಮ್ಮ ಏಣಿಯನ್ನ ಮಾರಿ.

ಇಲ್ಲಿ ಒಂದು ಎಚ್ಚರಿಕೆ. ನನ್ನ ಮಾತು ಕೇಳಿ ಗ್ಯಾರಂಟಿ ನಿಲ್ಲಿಸಿ ಅಂತ ಯಾರೂ ಹೊರಗೆ ಹೋಗಿ ಹೇಳಬೇಡಿ. ಗ್ಯಾರಂಟಿಯನ್ನ ಬಿಟ್ಟಿಭಾಗ್ಯ ಅಂತ ಮೂಗು ಮುರಿಯೋರ ಜೊತೆ ನಾವು ನಿಲ್ಲೋದಿಲ್ಲ. ಗಂಡನ ಮುಂದೆ ಕೈಚಾಚದೆ ತಿಂಗಳಿಗೆ ಎರಡು ಸಾವಿರ ಕಾಣೋದು ನಮ್ಮ ತಾಯಂದಿರಿಗೆ ಸಣ್ಣ ಮಾತಲ್ಲ. ಬಸ್ಸಿಗೆ ಕೊಡೋ ಕಾಸು ಉಳಿಯಿತು ಅಂತ ದೂರದ ಫ್ಯಾಕ್ಟರಿಗೂ ಕೆಲಸಕ್ಕೆ ಹೋಗೋ ಧೈರ್ಯ ಬಂದಿದೆ. ಅದು ಇರಲಿ, ಇನ್ನೂ ಬೆಳೆಯಲಿ. ನಮ್ಮ ತಕರಾರು ಒಂದೇ: ಅದರ ಬಿಲ್ಲು ಎಲ್ಲರ ಖಜಾನೆಗೆ ಹೋಗಲಿ, ನಮ್ಮ ಬಾವಿಗಲ್ಲ. ಖಜಾನೆ ಸಾಲದು ಅಂದರೆ ಉಳ್ಳವರ ಕಡೆ ನೋಡಲಿ. ದೆಹಲಿಯಲ್ಲಿ ಕೂತು ನಮ್ಮ ಪಾಲು ತಿರುಗಿಸಬೇಡಿ ಅಂದವರಿಗೆ ಬೆಂಗಳೂರಿನಲ್ಲಿ ಅದೇ ಮಾತು ನಾವು ಹೇಳಿದರೆ ಅರ್ಥ ಆಗಬೇಕು.

ಒಟ್ಟು ಮಾತು ಇಷ್ಟು. ಒಂದೇ ವಿಧಾನಸೌಧ, ಎರಡು ಕಾಯಿದೆ. 2002ರ ಕಾಯಿದೆಯಲ್ಲಿ 3 ಅನ್ನೋ ಅಂಕಿ ಇದೆ. 2013ರ ಕಾಯಿದೆಯಿಂದ 24.1 ಅನ್ನೋ ಅಂಕಿ ಬರುತ್ತದೆ. 3ನ್ನು ಮೀರಬೇಕಾದರೆ ಸದನದಲ್ಲಿ ಮಸೂದೆ ತರಬೇಕು, ದೆಹಲಿಗೆ ಉತ್ತರ ಹೇಳಬೇಕು. 24.1ನ್ನು ಖಾಲಿ ಮಾಡೋದಕ್ಕೆ ಒಂದು ಉಪವಾಕ್ಯ ಸಾಕು. ಯಾಕೆ? 3ರ ಹಿಂದೆ ಸಾಲ ಕೊಟ್ಟವರಿದ್ದಾರೆ, ಅವರು ಪ್ರತಿದಿನ ಲೆಕ್ಕ ನೋಡ್ತಾರೆ. 24.1ರ ಹಿಂದೆ ನಾವಿದ್ದೇವೆ, ನಾವು ಐದು ವರ್ಷಕ್ಕೊಮ್ಮೆ ನೋಡ್ತೇವೆ. ಅದೂ ಲೆಕ್ಕ ಅಲ್ಲ, ಚಿಹ್ನೆ.

ಹಾಗಾದರೆ ಮಾಡಬೇಕಾದದ್ದೇನು? ಘೋಷಣೆ ಕೂಗೋದು ಸುಲಭ, ಅದನ್ನ ಆಮೇಲೆ ಕೂಗೋಣ. ಮೊದಲು ಪುಸ್ತಕ. ಬಜೆಟ್ ಪುಸ್ತಕಗಳು ಹಣಕಾಸು ಇಲಾಖೆಯ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗ್ತಾವೆ. ಕೈಯಲ್ಲಿರೋ ಮೊಬೈಲಿನಲ್ಲೇ ತೆಗೆಯಬಹುದು. ಇಲಾಖೆಗಳ ಬೇಡಿಕೆ ಪಟ್ಟಿಯಲ್ಲಿ 422 ಅನ್ನೋ ಸಂಖ್ಯೆ ಕಂಡರೆ ಅದು ಪರಿಶಿಷ್ಟ ಜಾತಿ ಉಪಯೋಜನೆ, 423 ಕಂಡರೆ ಗಿರಿಜನ ಉಪಯೋಜನೆ. ಆ ಎರಡು ಸಂಖ್ಯೆಯ ಬೆನ್ನು ಹತ್ತಿ. ಒಂದು ಹಾಸ್ಟೆಲ್ ಒಂದು ಇಲಾಖೆ ಹಿಡಿಯಲಿ. ಮೂರೇ ಪ್ರಶ್ನೆ ಕೇಳಿ. ಎಷ್ಟು ಇಟ್ಟರು? ಎಷ್ಟು ಬಿಡುಗಡೆ ಮಾಡಿದರು? ಖರ್ಚಾದದ್ದರಲ್ಲಿ ನಮಗಾಗಿಯೇ ಮಾಡಿದ್ದೆಷ್ಟು, ಎಲ್ಲರಿಗೂ ಇರುವ ಯೋಜನೆಗೆ ನಮ್ಮ ಹೆಸರಲ್ಲಿ ಹಾಕಿದ್ದೆಷ್ಟು? ಗೊತ್ತಾಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಉತ್ತರ ಬಂದರೆ ಈ ಪತ್ರಿಕೆಗೆ ಕಳಿಸಿ. ಕಾಯಿದೆಯಂತೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಒಂದು ಪರಿಷತ್ತಿದೆ, ಬೇಕೆಂದೇ ಕರ್ತವ್ಯ ಮರೆತ ಅಧಿಕಾರಿಗೆ ಶಿಕ್ಷೆಯೂ ಇದೆ. ಕೇಳೋರಿದ್ದರೆ ಮಾತ್ರ ಇವೆಲ್ಲ ಇದ್ದಾವೆ.

ಎರಡನೆಯದು, ಕಾಲ. ಚುನಾವಣೆ ಬಂದಾಗ ಮನೆಬಾಗಿಲಿಗೆ ಬರೋರನ್ನ ಕೇಳೋದು ಇದ್ದೇ ಇದೆ. ಆದರೆ ಬಜೆಟ್ ಬೇಯೋದು ಚುನಾವಣೆಯಲ್ಲಲ್ಲ. ಪ್ರತಿ ವರ್ಷ ಮಾರ್ಚಿಗೆ ಮುಂಚಿನ ತಿಂಗಳುಗಳಲ್ಲಿ ಇಲಾಖೆಗಳು ತಮ್ಮ ಅಂದಾಜು ಪಟ್ಟಿ ಕಳಿಸ್ತಾವೆ. ಕಾರ್ಖಾನೆ ಮಾಲೀಕರ ಸಂಘಗಳು, ರೈತ ಮುಖಂಡರು ಎಲ್ಲ ಆಗಲೇ ಮುಖ್ಯಮಂತ್ರಿಗಳ ಮುಂದೆ ಕೂತು ಮನವಿ ಕೊಡ್ತಾರೆ. ಹಾಸ್ಟೆಲ್ ಹುಡುಗರು ಯಾಕೆ ಕೊಡಬಾರದು? 7(ಡಿ) ಹೋದ ಹಾಗೆ 7(ಸಿ)ಯೂ ಹೋಗಲಿ, ಎಲ್ಲರ ಯೋಜನೆಗೆ ಎಲ್ಲರ ಹಣ, ನಮ್ಮ ಪಾಲು ಅದರ ಮೇಲೆ. ಇದು ಒಂದು ಸಾಲಿನ ಬೇಡಿಕೆ. ಮಹದೇವಪುರದ, ಆನೇಕಲ್ಲಿನ ಮೀಸಲು ಸೀಟಿನಲ್ಲಿ ಕೂತವರನ್ನ ಮೊದಲು ಕೇಳಿ, ಸದನದಲ್ಲಿ ಈ ಸಾಲು ಓದ್ತೀರಾ ಇಲ್ಲವಾ ಅಂತ. ಪಕ್ಷ ನೋಡಬೇಡಿ.

ಮೂರನೆಯದು, ಬೀದಿ. ನಿಯಮ ಅನ್ನೋದು ಕಲ್ಲಿನ ಮೇಲೆ ಬರೆದದ್ದಲ್ಲ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯೋದಕ್ಕೆ ಕೇಂದ್ರ ಸರ್ಕಾರ ತಂದಿದ್ದ ಹೊಸ ನಿಯಮದ ವಿರುದ್ಧ, ಈ ಪೀಣ್ಯ, ಜಾಲಹಳ್ಳಿ ಕ್ರಾಸಿನಿಂದ ಹಿಡಿದು ಹೊಸೂರು ರಸ್ತೆಯ ತನಕ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದರು. ಮುಂದೆ ನಿಂತ ದೊಡ್ಡ ನಾಯಕರಿರಲಿಲ್ಲ, ದೊಡ್ಡ ಪಕ್ಷ ಇರಲಿಲ್ಲ. ಎರಡೇ ದಿನದಲ್ಲಿ ದೆಹಲಿ ಆ ನಿಯಮ ವಾಪಸು ತೆಗೆದುಕೊಂಡಿತು. ಬೆಂಗಳೂರಿನ ಪೌರಕಾರ್ಮಿಕರು, ಬಹುಪಾಲು ನಮ್ಮ ತಾಯಂದಿರು, ಕಂಟ್ರಾಕ್ಟಿನಲ್ಲೇ ಸವೆದವರು, 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕೂತರು. 2025ರ ಮೇ 1ಕ್ಕೆ 12 ಸಾವಿರಕ್ಕೂ ಹೆಚ್ಚು ಜನಕ್ಕೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಹಣ ಇಲ್ಲ ಅಂತ ವರ್ಷಗಟ್ಟಲೆ ಹೇಳಿದ್ದ ಖಜಾನೆಯಲ್ಲೇ ಹಣ ಹುಟ್ಟಿತು. ಓದು ಬರದ ನಮ್ಮ ತಾಯಂದಿರು ಖಜಾನೆಯನ್ನ ಬಗ್ಗಿಸಿದ್ದಾರೆ. ಓದಿದ ನಾವು ಅದರ ಪುಸ್ತಕವನ್ನಾದರೂ ತೆರೆಯೋಣ.

ಮುಂದಿನ ಬಜೆಟ್ ದಿನ ಈ ಹಾಸ್ಟೆಲ್ಲಿನ ಟಿ.ವಿ. ಮುಂದೆ ಎಲ್ಲರೂ ಕೂರಬೇಕು, ಕೈಯಲ್ಲಿ ಪೆನ್ಸಿಲ್ ಇರಬೇಕು. ಮುಖ್ಯಮಂತ್ರಿಗಳು ನಮ್ಮ ಹೆಸರಿಗೆ ಎಷ್ಟು ಸಾವಿರ ಕೋಟಿ ಅಂತ ಓದ್ತಾರೆ, ಸದನ ಮೇಜು ಕುಟ್ಟುತ್ತದೆ. ನೀವು ಮೇಜು ಕುಟ್ಟಬೇಡಿ. ಅದರಲ್ಲಿ ಎಷ್ಟು ಕಳೆಯಬೇಕು ಅಂತ ಬರೆದುಕೊಳ್ಳಿ.

ಜೈಭೀಮ್.